ಏಳನೆಯ ಹಾಡು ಹೋಯಿತು

ಮಾರ್ಚ್ ೧೧, ಬುಧವಾರ

ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಏಳನೆಯ ಹಾಡು ಕೊನೆಗೂ ಆಲ್ಬಮ್ಮಿನಿಂದ ಹೋಯಿತು.

ಐದು ಜನರ ಬ್ಯಾಂಡಾಗಿದ್ದಾಗ ಎಲ್ಲವನ್ನೂ ಕೈ ಎತ್ತಿ ತೀರ್ಮಾನಿಸುತ್ತಿದ್ದೆವು. ಇಪ್ಪತ್ತೆರಡು ವರ್ಷ ಸೋತದ್ದು ಹೆಚ್ಚಾಗಿ ನಾನೇ. ಮೂವರು ಬಿಟ್ಟುಹೋದ ಮೇಲೆ ಉಳಿದವರು ಹಾಡುವ ಭಾವ, ಕೀಬೋರ್ಡಿನ ನಾನು. ಇಬ್ಬರಲ್ಲಿ ಬಹುಮತ ಎಲ್ಲಿಂದ ಬರಬೇಕು? ಅದೂ ಈ ಏಳನೆಯದು ಭಾವ ಅಕ್ಕನ ಮೇಲೆ ಬರೆದ ಹಾಡು. ಆರು ನಿಮಿಷದ ಜೋಗುಳ. ಬೇಡ ಅನ್ನಲು ಬಾಯೇ ಬರಲಿಲ್ಲ.

ಇವತ್ತು ಸ್ಟುಡಿಯೋದಲ್ಲಿ ಹದಿನಾಲ್ಕನೆಯ ಸಲ ಹಾಡಿ ಭಾವ ಹೆಡ್‌ಫೋನ್ ಕಳಚಿದರು. ತಡೆಯಲಾರದೆ, "ಭಾವ, ಇದು ಬೇಡ ಅನ್ನೋರು ಕೈ ಎತ್ತಿ" ಎಂದು ಕಣ್ಣು ಮುಚ್ಚಿ ಕೈ ಎತ್ತಿದೆ. ಕಣ್ಣು ಬಿಟ್ಟರೆ ಅವರ ಕೈಯೂ ಮೇಲೆ!

"ನಿಮ್ಮಕ್ಕನ ಹಾಡು, ತೆಗೆದ್ರೆ ನೀನು ಬೇಜಾರ್ ಮಾಡ್ಕೋತೀಯ ಅಂತ ಸುಮ್ನಿದ್ದೆ ಕಣೆ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಅಕ್ಕನಿಗೆ ಹೇಳುವವರು ಯಾರು? ಭಾವ ಫೋನನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ಹೇಳಿದೆ.

"ಸದ್ಯ, ಬದುಕಿಕೊಂಡೆ" ಎಂದಳು ಅಕ್ಕ. "ಒಂದು ವರ್ಷದಿಂದ ಮನೇಲಿ ಅದನ್ನೇ ಕೇಳ್ತಿದೀನಿ. ನಿಂಗೆ ಇಷ್ಟ ಅಂದ್ಕೊಂಡಿದ್ದೆ."

ಮೂರಕ್ಕೆ ಮೂರೂ ಮತ. ಇಪ್ಪತ್ತೆರಡು ವರ್ಷದ ಸೋಲೆಲ್ಲ ತೀರಿತು. ನಿದ್ದೆಗೆ ಕಣ್ಣು ಎಳೆಯುತ್ತಿದೆ. ನಾಳೆ ಆಲ್ಬಮ್ಮಿಗೆ ಹೆಸರಿಡಬೇಕು, ಭಾವ ಅಕ್ಕನ ಹೆಸರೇ ಇಡೋಣ ಅಂತ…