ಎಡತೋಳಿನ ವಂಕಿ

ನ್ಯಾಮತಿ, ಗುರುವಾರ

ಮೈದುನ ಪ್ರಸನ್ನಕುಮಾರನಿಗೆ,

ಅರವತ್ತೆಂಟರ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ಮೊದಲು ಅದಕ್ಕೇ ನಿನ್ನನ್ನು ಬೈಯಬೇಕು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಇಷ್ಟು ಬರೆಯುವ ಹೊತ್ತಿಗೆ ಒಂದು ಜೊತೆ ಕಾಲುಂಗುರ ಮಾಡಿ ಮುಗಿಸುತ್ತಿದ್ದೆ. ಫೋನ್ ಮಾಡಿದರೆ "ಅತ್ತಿಗೆ, ಗಿರಾಕಿ ಬಂದಾರೆ, ಆಮ್ಯಾಲೆ ಮಾಡ್ತೀನಿ" ಅಂತ ಕಟ್ ಮಾಡುತ್ತೀಯ. ಹೊನ್ನಾಳಿಯ ಗಿರಾಕಿಗಳೆಲ್ಲ ನಾನು ಫೋನ್ ಮಾಡಿದಾಗಲೇ ಬರುತ್ತಾರೇನು? ಇರಲಿ. ಕಾಗದ ಕಟ್ ಆಗುವುದಿಲ್ಲ. ಕೂತು ಪೂರ್ತಿ ಓದು.

ಹೋದ ವಾರ ನಿನ್ನ ಮಗಳು ಸಂಧ್ಯಾರಾಣಿ ಬಂದಿದ್ದಳು. ಟಿಫಿನ್ ಡಬ್ಬಿಯಲ್ಲಿ ಬೆಳ್ಳಿ ಗಟ್ಟಿ ಇಟ್ಟು, ಮೇಲೆ ಎರಡು ಹೋಳಿಗೆ ಮುಚ್ಚಿ ಕಳಿಸಿದ್ದೀಯ. ಹೋಳಿಗೆ ತಿಂದೆ. ಆಮೇಲೆ ಅವಳು ತಲೆ ತಗ್ಗಿಸಿಕೊಂಡು, "ದೊಡ್ಡವ್ವ, ಅಪ್ಪ ಒಂದು ವಂಕಿ ಮಾಡಿಕೊಡಾಕೆ ಹೇಳೈತೆ. ಎಡಗಡೇದು. ಯಾರ ಮುಂದೂ ಅನ್ನಬ್ಯಾಡ ಅಂದೈತೆ" ಅಂದಳು. ಯಾಕೆ ಅಂತ ಗದರಿಸಿದೆ. ಪಾಪ, ಫೋನ್ ತೆಗೆದು ಪೇಪರಿನ ಫೋಟೋ ತೋರಿಸಿದಳು.

ನೀನು ಕೋಟು ಹಾಕಿಕೊಂಡು ನಿಂತಿದ್ದೀಯ. ಕೈಯಲ್ಲಿ ನನ್ನ ವಂಕಿ ಜೋಡಿ. ಕೆಳಗೆ ಬರೆದಿದ್ದಾರೆ, ಎರಡು ಹಾವುಗಳು ಎದುರುಬದುರು ನೋಡುವುದೇ ಇದರ ವಿಶೇಷ, ವಿನ್ಯಾಸವೂ ಕೈಕೆಲಸವೂ ಪ್ರಸನ್ನಕುಮಾರ್ ಅವರದೇ, ಅದಕ್ಕೆ ಪ್ರಶಸ್ತಿ. ಕೊಡುವ ಮೊದಲು ಪ್ರಶಸ್ತಿಯವರು ಇಪ್ಪತ್ತಾರನೇ ತಾರೀಖು ನಿನ್ನ ಅಂಗಡಿಗೆ ಬಂದು, ನೀನು ಅಂಥದೇ ಜೋಡಿ ಮಾಡುವುದನ್ನು ಕಣ್ಣಾರೆ ನೋಡುತ್ತಾರಂತೆ. ಬಲಗಡೆಯದನ್ನು ಅವರ ಮುಂದೆ ಮಾಡುವುದು, ಎಡಗಡೆಯದು ನಿನ್ನೆಯೇ ಮಾಡಿಟ್ಟಿದ್ದೆ ಅಂತ ನಾನು ಮಾಡಿದ್ದನ್ನು ತೋರಿಸುವುದು. ಇದೇ ತಾನೆ ನಿನ್ನ ಉಪಾಯ? ಏಳು ವರ್ಷ ನೆನಪಾಗದ ಅತ್ತಿಗೆ ಈಗ ನೆನಪಾದಳು.

ನೀನು ಮಾಡಿ ನೋಡಿದ ಎಡಗಡೆಯದನ್ನೂ ಡಬ್ಬಿಯ ತಳದಲ್ಲಿ ಅಳತೆಗೆ ಅಂತ ಇಟ್ಟಿದ್ದೀಯ. ನೋಡಿ ಎಷ್ಟೋ ದಿನದ ಮೇಲೆ ನಕ್ಕೆ. ತಂತಿಯ ಹೊಸೆತ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ನಿನ್ನ ಹಾವು ಇಲಿ ನುಂಗಿದ ಹಾಗೆ ನಡುವೆ ಉಬ್ಬಿದೆ.

ಎಡಕ್ಕೆ ಹೊಸೆಯಲು ಎಡಗೈ ಬೇಕು ಪ್ರಸನ್ನ. ಬೆಳ್ಳಿ ಕೆಂಪಗೆ ಕಾದು ಮೆತ್ತಗಾದಾಗ ಎಷ್ಟು ಬಿಗಿಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಕೈಗೆ ತಿಳಿಯಬೇಕು. ನನ್ನ ಕೈಗೆ ತಿಳಿಯುತ್ತದೆ. ಈ ಕೈಯಲ್ಲಿ ಬರೆದೆನೆಂದು ಮೇಷ್ಟ್ರು ಗೆಣ್ಣಿನ ಮೇಲೆ ಹೊಡೆದರು, ನಾನು ಸ್ಲೇಟನ್ನು ಅವರ ಕಾಲ ಮೇಲೆ ಎತ್ತಿ ಹಾಕಿ ಮನೆಗೆ ಬಂದೆ. ಓದು ಅಲ್ಲಿಗೆ ಮುಗಿಯಿತು. ಮದುವೆಯಾಗಿ ಬಂದರೆ ನಿಮ್ಮವ್ವ, "ಎಡಗೈಲಿ ಬಡಿಸಿದ್ರೆ ನಾನು ಉಣ್ಣಾಕಿಲ್ಲ" ಅಂತ ತಟ್ಟೆ ತಳ್ಳಿದರು. ಈ ಕಾಗದವನ್ನೂ ಅದೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಶಾಯಿ ಒರೆಸಿಹೋಗಿದ್ದರೆ ಅಳು ಅಂದುಕೊಳ್ಳಬೇಡ, ಕೈ ತಾಗಿದ್ದು.

ಈ ಕೈಗೆ ಕೆಲಸ ಕೊಟ್ಟವರು ನಿಮ್ಮಣ್ಣ. ಒಂದು ದಿನ ವಂಕಿಯ ತಂತಿ ಹೊಸೆಯುತ್ತಾ, ಅಗ್ಗಿಷ್ಟಿಕೆಯ ಕೆಂಡ ನೋಡಿಬರುತ್ತೇನೆ, ತುದಿ ಹಿಡಿದುಕೋ ಅಂದರು. ಸುಮ್ಮನೆ ಹಿಡಿದು ಕೂರಲು ನನಗೆ ಬರುತ್ತದೆಯೇ? ಪಕ್ಕದಲ್ಲಿದ್ದ ಇನ್ನೊಂದು ಜೊತೆ ತಂತಿ ತೆಗೆದು ತಿರುವಿದೆ. ಅವರು ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಏ ಕಾಳಿ, ಇದು ಕನ್ನಡಿಯೊಳಗಿಂದ ಬಂದಂಗೈತಲ್ಲೇ!" ಅಂದರು. ಅಲ್ಲಿಯವರೆಗೆ ನಮ್ಮಲ್ಲಿ ಜೋಡಿಯ ಎರಡೂ ಹಾವು ಒಂದೇ ಕಡೆ ನೋಡುತ್ತಿದ್ದವು, ಬಸ್ಸಿಗೆ ಕಾದು ನಿಂತವರ ಹಾಗೆ. ಅವತ್ತಿನಿಂದ ಬಲತೋಳಿನದು ಅವರು, ಎಡತೋಳಿನದು ನಾನು. ಹೆಡೆಯ ಚಿತ್ರವನ್ನು ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಬರೆದವಳೂ ನಾನೇ. "ಹೆಡೆ ಸಣ್ಣದು ಮಾಡೇ, ಸೀರೆಗೆ ಸಿಕ್ಕೊಂತೈತೆ" ಅಂದಿದ್ದರು, ಅಷ್ಟೇ ಅವರ ತಿದ್ದುಪಡಿ. ಜಗಳೂರು ಕಡೆಯಿಂದ, ಬಿಳಿಚೋಡಿನ ಭೀಮಕ್ಕ ಮೊದಲ ಜೋಡಿ ಕೊಂಡಳು. ತೋಳಿಗೆ ಹಾಕಿಕೊಂಡು, "ಅಯ್ಯ, ಇವೆರಡೂ ಮಾತಾಡ್ಕೊಂತಾವಲ್ಲೇ ತಾಯಿ! ನಡುವೆ ನಾನ್ಯಾಕೆ?" ಅಂತ ನಕ್ಕಿದ್ದು ನಿನಗೂ ಗೊತ್ತು. ಬಾಗಿಲಲ್ಲೇ ನಿಂತಿದ್ದೆ ನೀನು.

ನೀನು ಪೇಪರಿನವರಿಗೆ ತೋರಿಸಿದ ಜೋಡಿ ನಾವಿಬ್ಬರೂ ಮಾಡಿದ ಕೊನೆಯದು. "ಊರಿಗೆಲ್ಲ ಮಾಡಿದ್ವಿ, ನಿನ್ನ ತೋಳು ಬರೀದೈತೆ. ಇದು ನಿಂದು" ಅಂದಿದ್ದರು. ಮೆರುಗು ಕೊಡುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಅವರು ಹೋದರು.

ಹನ್ನೊಂದನೇ ದಿನ ನೀನು ಏನು ಮಾಡಿದೆ, ನೆನಪಿದೆಯೇ? ನನಗಿದೆ. ಬೆಳ್ಳಿ ಬಡಿಯುವ ಅಡಿಗಲ್ಲು ಎತ್ತಿಸಿದೆ. ತಂತಿ ಎಳೆಯುವ ಕಂಬಚ್ಚು, ಇಕ್ಕಳ, ಸುತ್ತಿಗೆ, ಎಲ್ಲ ಗೋಣಿಚೀಲಕ್ಕೆ ತುಂಬಿದೆ. ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ವಂಕಿ ತೆಗೆದಾಗ ನಾನು ಕೈ ಚಾಚಿದೆ. "ಇನ್ನು ನಿಮಗ್ಯಾಕೆ ಅತ್ತಿಗೆ ವಂಕಿ?" ಅಂದೆ. ಸಾಮಾನಾದರೂ ಇರಲಿ, ಅವಳೂ ಕೆಲಸ ಮಾಡಿದವಳು ಅಂತ ಹಿರಿಯರೊಬ್ಬರು ಅಂದರು. ಅದಕ್ಕೆ ನೀನು ನೆಂಟರೆಲ್ಲರ ಮುಂದೆ, "ಅತ್ತಿಗೆ ಏನ್ ಕೆಲ್ಸ ಮಾಡ್ಯಾರೆ? ಬರೇ ಬೆಂಕಿ ಊದ್ಯಾರೆ" ಅಂದೆ. ಕೆಲವರು ನಕ್ಕರು. ನಾನು ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದೆ. ಅವತ್ತು ಬಾಯಿ ಬರಲಿಲ್ಲ. ಇವತ್ತು ಬಂದಿದೆ.

ಅವತ್ತು ನೀನು ಬಿಟ್ಟುಹೋದದ್ದು ಊದುಕೊಳವೆ ಒಂದನ್ನೇ. ಊದಿದವಳಿಗೆ ಅದು ಸಾಕು ಅಂದುಕೊಂಡಿರಬೇಕು. ಸಾಕಾಯಿತು ಕಣೋ. ಸಂತೆಯ ಹಳೇ ಕಬ್ಬಿಣದವನ ಹತ್ತಿರ ಸವೆದ ಕಂಬಚ್ಚು, ಇಕ್ಕಳ, ಅಡಿಗಲ್ಲಿನ ಬದಲು ಒಂದು ರೈಲುಕಂಬಿಯ ತುಂಡು ತಂದು ಇಷ್ಟು ವರ್ಷ ಕಾಲುಂಗುರ ಮಾಡಿ ಉಂಡಿದ್ದೇನೆ.

ನೀನು ಕಳಿಸಿದ ಬೆಳ್ಳಿಯಲ್ಲಿ ವಂಕಿ ಮಾಡಿದೆ. ಈ ಸವೆದ ಸಾಮಾನಿನಲ್ಲಿ ನಾಲ್ಕು ದಿನ ಹಿಡಿಯಿತು. ಹೆಡೆ ಸಣ್ಣದೇ ಮಾಡಿದ್ದೇನೆ. ಆದರೆ ಡಬ್ಬಿಗೆ ಹಾಕಲಿಲ್ಲ, ನನ್ನ ಎಡತೋಳಿಗೆ ಹಾಕಿದೆ. ಗಂಡ ಸತ್ತವಳು ವಂಕಿ ಹಾಕಿದ್ದಾಳೆ ಅಂತ ಎದುರು ಮನೆಯವರು ಕಿಟಕಿಯಲ್ಲಿ ನಿಂತರು. ಚೆನ್ನಾಗಿ ಕಾಣಲಿ ಅಂತ ಬೀದಿಗೇ ಬಂದು ನಿಂತೆ.

ಈಗ ಕೇಳು. ಪ್ರಶಸ್ತಿಯವರಿಗೆ ನೀನೇ ಬರೆ. ಬಲತೋಳಿನದು ನಮ್ಮಣ್ಣ ಪರಶುರಾಮ್ ಮಾಡಿದ್ದು, ಎಡತೋಳಿನದೂ ವಿನ್ಯಾಸವೂ ಅತ್ತಿಗೆ ಕಾಳಮ್ಮನದು, ನಾನು ಎತ್ತಿಕೊಂಡು ಬಂದವನು ಅಂತ. ಅದರ ನಕಲನ್ನೂ ಆ ಜೋಡಿಯನ್ನೂ ನನಗೆ ಮುಟ್ಟಿಸು. ನಿನಗೆ ಈ ದಾರಿಯನ್ನೂ ಉಳಿಸುತ್ತಿರಲಿಲ್ಲ. ಸಂಧ್ಯಾರಾಣಿ ಹೊಸಿಲು ದಾಟುವಾಗ, "ದೊಡ್ಡವ್ವ, ಅಪ್ಪನ್ನ ಜನರ ಮುಂದೆ ಕೆಡವಬ್ಯಾಡ" ಅಂದಳು. ಅವಳ ಮುಖಕ್ಕೋಸ್ಕರ ಉಳಿಸಿದ್ದೇನೆ.

ಬರೆಯಲಿಲ್ಲವೋ, ಇಪ್ಪತ್ತಾರಕ್ಕೆ ಮೊದಲ ಬಸ್ಸಿಗೇ ಹೊನ್ನಾಳಿಗೆ ಬರುತ್ತೇನೆ. ಭೀಮಕ್ಕನೂ ಬರುತ್ತಾಳೆ, ತನ್ನ ಜೋಡಿ ಹಾಕಿಕೊಂಡು. ಪ್ರಶಸ್ತಿಯವರ ಪಕ್ಕದಲ್ಲೇ ಕೂರುತ್ತೇನೆ. ಬೈಯುವುದಿಲ್ಲ, ಕೂಗಾಡುವುದಿಲ್ಲ. ನೀನು ಬಲಗಡೆಯದನ್ನು ಮುಗಿಸುವವರೆಗೆ ಉಸಿರೆತ್ತುವುದಿಲ್ಲ. ಆಮೇಲೆ ಒಂದೇ ಮಾತು ಕೇಳುತ್ತೇನೆ: "ಎಡಗಡೇದು ಹೊಸಿಯಪ್ಪ, ನೋಡಾನ." ಊದುಕೊಳವೆ ಚೀಲದಲ್ಲಿ ತಂದಿರುತ್ತೇನೆ. ನೀನು ಹೊಸೆಯುವಷ್ಟು ಹೊತ್ತೂ ನಾನೇ ಬೆಂಕಿ ಊದಿಕೊಡುತ್ತೇನೆ.

ನಿಜ ಹೇಳಲೇ? ನೀನು ಬರೆಯದೇ ಇರಲಿ ಅಂತಲೇ ನನಗೆ ಆಸೆ.

ನಿನ್ನ ಬಲಗೈ ನೂರು ಕಾಲ ಗಟ್ಟಿಯಾಗಿರಲಿ. ನಿನಗಿರುವುದು ಅದೊಂದೇ.

ನಿನ್ನ ಅತ್ತಿಗೆ,
ಕಾಳಮ್ಮ

ಹದಿನೆಂಟನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.