ಮೂರು ಬೆರಳಿನಷ್ಟು ಬಾಯಿ

ಹುಲಿಕಲ್
19 ಜನವರಿ 2025, ಭಾನುವಾರ

ಮುದ್ದಿನ ಭವ್ಯಾ,

ಅಮ್ಮನ ಆಶೀರ್ವಾದ, ಹೊಟ್ಟೆಯಲ್ಲಿರುವ ಕೂಸಿನ ಪಾಲೂ ಸೇರಿಸಿ.

ಫೋನಿದ್ದೂ ಇದೇನು ಕಾಗದ ಎಂದು ನಿನಗೆ ಅನ್ನಿಸಬಹುದು. ನೀನು ಫೋನ್ ಎತ್ತುತ್ತಿಲ್ಲ ಎನ್ನುವುದು ಒಂದು. ಎತ್ತಿದರೂ ನಾನು ಊಟ ಆಯ್ತಾ, ಕಾಲು ಊದಿದೆಯಾ ಎಂದು ಕೇಳಿ, ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ ಎನ್ನುವುದು ಇನ್ನೊಂದು. ಕಾಗದದಲ್ಲಾದರೆ ನೀನು ನನ್ನ ಮುಖ ನೋಡುವುದಿಲ್ಲ.

ಸೀಮಂತದ ದಿನದ ಮಾತು. ನಿಮ್ಮ ಮನೆಯ ಪದ್ಧತಿಯಂತೆ ನಿನ್ನ ಅತ್ತೆ ಪುಷ್ಪಮ್ಮನವರು ಬೀಗಿತ್ತಿಯ ಬಾಯಿಗೆ ಇಡೀ ಉಂಡೆ ತುರುಕಲು ಬಂದರು. ಹೆಂಗಸರೆಲ್ಲ ಸುತ್ತ ನಿಂತು ನಗುತ್ತಿದ್ದರು. ಬಾಯಿ ತೆಗೀರಿ ಬೀಗ್ತಿ, ಅರ್ಧ ಆದ್ರೆ ನಾ ಒಪ್ಪದಿಲ್ಲ ಎಂದರು ಅವರು. ನಾನು ಮುಖ ತಿರುಗಿಸಿ ಅವರ ಕೈ ತಳ್ಳಿದೆ. ಉಂಡೆ ನೆಲಕ್ಕೆ ಬಿದ್ದು ಒಡೆಯಿತು. ಪಾಪ, ಅವರ ಮುಖ ಸಣ್ಣಗಾದದ್ದು ಇನ್ನೂ ನನ್ನ ಕಣ್ಣ ಮುಂದಿದೆ. ನೀನು ನನ್ನನ್ನು ಒಳಗೆ ಕರೆದು, ಈ ಮನೆಯವ್ರ ಕೈತುತ್ತು ನಿಂಗೆ ಬ್ಯಾಡ್ವಾ ಅಮ್ಮ, ಅಷ್ಟು ಕೊಬ್ಬಾ ಎಂದು ಕೇಳಿದೆ. ಬಾಣಂತನಕ್ಕೆ ನಿನ್ನನ್ನು ಕರೆತರಬೇಕೆಂದು ಅಪ್ಪ ಓಮ್ನಿಯ ಹಿಂದಿನ ಸೀಟಿನಲ್ಲಿ ಎರಡು ದಿಂಬು ಇಟ್ಟುಕೊಂಡು ಬಂದಿದ್ದರು. ನೀನು ಯಾವಾಗಲೂ ಹಿಂದೆಯೇ ಕೂರುವವಳಲ್ಲವೇ. ನಾ ಬರಲ್ಲ, ಹೆರಿಗೆ ಬಾಣಂತನ ಎಲ್ಲ ಇಲ್ಲೇ ಆಗ್ಲಿ ಎಂದುಬಿಟ್ಟೆ ನೀನು. ತೀರ್ಥಹಳ್ಳಿಯಿಂದ ನಮ್ಮ ಜೊತೆ ದಿಂಬುಗಳು ಮಾತ್ರ ವಾಪಸು ಬಂದವು.

ಕೊಬ್ಬಲ್ಲ ಮಗಳೇ. ನನ್ನ ಬಾಯಿ ತೆರೆಯುತ್ತಿರಲಿಲ್ಲ. ಒಂದೂವರೆ ಬೆರಳು ತೂರುವಷ್ಟು ತೆರೆದರೆ ಹೆಚ್ಚು. ಹೊಗೆಸೊಪ್ಪು ತಿಂದು ತಿಂದು ಕೆನ್ನೆಯ ಒಳಗೆಲ್ಲ ಬಿಗಿದುಹೋಗಿದೆ.

ಅಮ್ಮ ಎಲೆ ಅಡಿಕೆಯ ಕವಳ ಹಾಕುವುದು ನಿನಗೆ ಗೊತ್ತು, ಊರಿಗೇ ಗೊತ್ತು. ಅದರೊಳಗಿನ ಹೊಗೆಸೊಪ್ಪು ಮಾತ್ರ ನನ್ನ ಗುಟ್ಟು. ಹದಿನಾಲ್ಕು ವರ್ಷದ ಗುಟ್ಟು. ಶುರುವಾದದ್ದು ಈ ಆಶಾ ಕೆಲಸಕ್ಕೆ ಸೇರಿದ ಮೇಲೆಯೇ. ನಮ್ಮ ಕಡೆ ಯಾರ ಮನೆ ಮೆಟ್ಟಿಲು ಹತ್ತಿದರೂ ಕವಳದ ತಟ್ಟೆ ಮುಂದೆ ಬರುತ್ತದೆ, ಮುಟ್ಟದೆ ಎದ್ದರೆ ಜಂಬ ಎನ್ನುತ್ತಾರೆ. ದಿನಕ್ಕೆ ಹದಿನೈದು ಮನೆ. ಅಲ್ಲಿ ಎಲೆ ಅಡಿಕೆ ಮಾತ್ರ ತೆಗೆದುಕೊಂಡು, ಹೊರಗೆ ದಾರಿಗೆ ಬಿದ್ದ ಮೇಲೆ ಚೀಲದಲ್ಲಿದ್ದ ಪೊಟ್ಟಣ ಬಿಚ್ಚುತ್ತಿದ್ದೆ. ಮುಂದಿನ ಮನೆಯಲ್ಲಿ ಕೂತು, ಅದನ್ನು ದವಡೆಗೆ ಒತ್ತಿಕೊಂಡೇ, ತಂಬಾಕು ಬಿಡಿ ಎಂದು ಬುದ್ಧಿ ಹೇಳುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವುದು ನನ್ನಂಥವಳನ್ನು ನೋಡಿಯೇ ಇರಬೇಕು.

ಇದಕ್ಕಿಂತ ಕೀಳು ಕೆಲಸವನ್ನೂ ಮಾಡಿದ್ದೇನೆ. ಅಕ್ಟೋಬರಿನಲ್ಲಿ ಶಾಲೆಯಲ್ಲಿ ಊರವರ ಬಾಯಿ ತಪಾಸಣೆ ಇತ್ತು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಬಾಯೊಳಗೆ ಹೋಗಬೇಕು, ಹೋಗದಿದ್ದವರನ್ನು ಡಾಕ್ಟರ ಹತ್ತಿರ ಕಳಿಸಬೇಕು. ಎಲ್ಲರದ್ದೂ ನೋಡಿ ತಪಾಸಣೆಯ ಪುಸ್ತಕದಲ್ಲಿ ಬರೆದವಳು ನಾನು. ನನ್ನ ಹೆಸರಿನ ಎದುರು, ಬೆರಳು ಇಟ್ಟೂ ನೋಡದೆ, ಮೂರು ಎಂದು ಬರೆದುಕೊಂಡೆ. ಮೇಲಿನಕೇರಿಯ ಜಟ್ಟಿಂಗಪ್ಪನಿಗೆ ಎರಡೇ ಬೆರಳು ಹೋಗಿತ್ತು. ಅವನು ಪುಸ್ತಕಕ್ಕೆ ಇಣುಕಿ, ನಿಮ್ದು ಯಾರು ನೋಡಿದ್ದು ಯಮುನಕ್ಕ ಎಂದು ಕೇಳಿದ. ಅಷ್ಟು ಜನರ ಎದುರು ನಾನು ಅವನನ್ನೇ ಗದರಿಸಿ ಕೂರಿಸಿದೆ.

ಸೀಮಂತದ ಮರುದಿನ ಅಪ್ಪ ಏನೂ ಕೇಳದೆ ನನ್ನನ್ನು ಓಮ್ನಿ ಹತ್ತಿಸಿ ಸಾಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಷ್ಟು ವರ್ಷದಿಂದ ಎಂದು ಆ ಡಾಕ್ಟರಮ್ಮ ಕೇಳಿದರೆ ಎರಡು ಎಂದೆ. ಅಪ್ಪ ಕೆಮ್ಮಿದರು. ಹದಿನಾಲ್ಕು ಎಂದೆ. ಸದ್ಯಕ್ಕೆ ಕೆಟ್ಟ ಗಂಟೇನೂ ಕಾಣುವುದಿಲ್ಲ, ಆದರೆ ಹೊಗೆಸೊಪ್ಪಷ್ಟೇ ಅಲ್ಲ, ಅಡಿಕೆಯನ್ನೂ ಪೂರ್ತಿ ಬಿಡಬೇಕು, ಬಾಯಿಗೆ ದಿನಾ ವ್ಯಾಯಾಮ ಕೊಡಬೇಕು, ಇಲ್ಲದಿದ್ದರೆ ಮುಂದಿನದು ನನ್ನ ಕೈಯಲ್ಲಿಲ್ಲ ಎಂದರು.

ವ್ಯಾಯಾಮ ಎಂದರೆ ಎಂತದು ಗೊತ್ತಾ? ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸಿಕ್ಕಿಸಿಕೊಂಡು ಕೂರುವುದು. ದಿನಕ್ಕೆ ಐದು ಸಲ. ಸಡಿಲವಾದಂತೆ ಒಂದು ಕಡ್ಡಿ ಸೇರಿಸುವುದು. ಹನ್ನೊಂದರಿಂದ ಶುರುಮಾಡಿದೆ. ಮೊದಲ ವಾರ ಕಣ್ಣೀರು ಸುರಿಯುತ್ತಿತ್ತು, ಜೊಲ್ಲೂ ಸುರಿಯುತ್ತಿತ್ತು. ನಾನೊಬ್ಬಳೇ ಕೂತರೆ ನಾಚಿಕೆ ಎಂದು ಅಪ್ಪ ಎದುರಿಗೆ ಕೂತು ತಾವೂ ಕಡ್ಡಿ ಸಿಕ್ಕಿಸಿಕೊಳ್ಳುತ್ತಾರೆ. ಅವರ ಬಾಯಿಗೆ ಸಲೀಸಾಗಿ ಇಪ್ಪತ್ತೆರಡು ಹಿಡಿಯುತ್ತವೆ. ಊಟವಾದ ಮೇಲೆ ಚಪಲ ಹತ್ತುತ್ತದೆ, ಆಗ ಚಪ್ಪಲಿ ಮೆಟ್ಟಿ ಘಾಟಿಯ ಚೆಕ್‌ಪೋಸ್ಟಿನವರೆಗೆ ಬಿರಬಿರನೆ ನಡೆದು ಬರುತ್ತೇನೆ.

ಒಮ್ಮೆಗೇ ಬಿಟ್ಟೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಒಂಬತ್ತನೆಯ ದಿನ ಯಾರೂ ಇಲ್ಲದಾಗ ಕೊಟ್ಟಿಗೆಯ ಹಿಂದೆ ನಿಂತು ತಿಂದೆ. ಐವತ್ಮೂರು ವರ್ಷದ ಹೆಂಗಸು, ಕದ್ದು ತಿನ್ನುವ ಬೆಕ್ಕಿನ ಹಾಗೆ. ಉಗಿದು, ಬಾಯಿ ತೊಳೆದು, ಅಪ್ಪನಿಗೆ ಹೇಳಿದೆ. ಬೈಯುತ್ತಾರೆಂದುಕೊಂಡರೆ, ನಾಳೆ ಒಂದನೇ ದಿನ ಅಂತ ಎಣ್ಸು ಮಾರಾಯ್ತಿ ಎಂದರು. ಆಮೇಲೆ ಮುಟ್ಟಿಲ್ಲ. ಇವತ್ತಿಗೆ ನಲವತ್ತು ದಿನ, ಹದಿನೈದು ಕಡ್ಡಿ.

ಮೊನ್ನೆ ಜಟ್ಟಿಂಗಪ್ಪನ ಮನೆಗೆ ಹೋಗಿ ಅವನೆದುರೇ ಪುಸ್ತಕ ಬಿಚ್ಚಿ, ನನ್ನ ಹೆಸರಿನ ಮುಂದಿನ ಮೂರನ್ನು ಹೊಡೆದುಹಾಕಿ ಒಂದೂವರೆ ಎಂದು ಬರೆದು ಸಹಿ ಹಾಕಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಆ ಕಡ್ಡಿ ಎಲ್ಲಿ ಸಿಕ್ತವೆ ಅಕ್ಕಾ ಎಂದು ಕೇಳಿದ. ಕವಳದ ತಟ್ಟೆಯನ್ನು ಅವನೇ ಒಳಗಿಟ್ಟ.

ಪುಷ್ಪಮ್ಮನವರಿಗೆ ಈ ಕಾಗದ ಓದಿ ಹೇಳು. ಅವರ ಮುಂದೆ ಮರ್ಯಾದೆ ಹೋಗಲಿ, ಅಡ್ಡಿಯಿಲ್ಲ. ನಿನಗೆ ಇನ್ನು ಒಂದು ತಿಂಗಳೂ ಇಲ್ಲ. ಅವರು ಒಪ್ಪಿದರೆ, ನಿನಗೆ ಮನಸ್ಸಿದ್ದರೆ, ಮನೆಗೆ ಬಾ. ಬಾಣಂತಿಗೆ ಬಿಸಿನೀರು ಹಾಕುವ ಕೈ ಇನ್ನೂ ಗಟ್ಟಿಯಿದೆ. ಮುಂದಿನ ಭಾನುವಾರ ಓಮ್ನಿ ಬರುತ್ತದೆ, ನಾನೂ ಬರುತ್ತೇನೆ. ಉಂಡೆ ಸಣ್ಣದು ಕಟ್ಟಲಿಕ್ಕೆ ಹೇಳು, ಅವರ ಕೈಯಿಂದಲೇ ತಿನ್ನುತ್ತೇನೆ.

ನಿನ್ನೆದುರು ತಲೆತಗ್ಗಿಸಿರುವ
ಅಮ್ಮ, ಯಮುನಾ

ಮರೆತದ್ದಲ್ಲ, ಬರೆಯಲು ಕೈ ಬಾರದ್ದು: ಅಪ್ಪ ಕಾಗದ ಓದಿ, ಎಲ್ಲ ಬರ್ದಿದೀಯಲ್ಲ, ಸಾಕು, ಅಂಟ್ಸು ಎಂದರು. ಎಲ್ಲ ಬರೆದಿಲ್ಲ ಎಂದು ಅವರಿಗೂ ಗೊತ್ತು. ನೀನು ಹತ್ತನೇ ಕ್ಲಾಸಿನಲ್ಲಿದ್ದಾಗ ಓಮ್ನಿಯ ಡಬ್ಬಿಯಲ್ಲಿ ಹೊಗೆಸೊಪ್ಪಿನ ಪೊಟ್ಟಣ ಸಿಕ್ಕಿತ್ತಲ್ಲ, ಅದು ನನ್ನದು. ನೀನು ಎತ್ತಿ ಹಿಡಿದು ಕೇಳಿದಾಗ, ಅಪ್ಪಂದೇ ಇರ್ಬೇಕು ಎಂದವಳು ನಾನು. ಅವರು ನನ್ನ ಮುಖ ನೋಡಿ, ಹೌದು ಎಂದರು. ಅವರು ಜೀವಮಾನದಲ್ಲಿ ಅದನ್ನು ಮುಟ್ಟಿದವರಲ್ಲ. ಆ ವರ್ಷವೆಲ್ಲ ನೀನು ಅವರ ಗಾಡಿ ಹತ್ತದೆ ಬಸ್ ಸ್ಟಾಪಿಗೆ ನಡೆದೆ, ಅವರು ದಿನಾ ಖಾಲಿ ಓಮ್ನಿಯನ್ನು ನಿನ್ನ ಹಿಂದೆ ನಿಧಾನವಾಗಿ ಓಡಿಸಿಕೊಂಡು ಬಂದರು. ಆಮೇಲೆ ಹತ್ತಿದೆ, ಆದರೆ ಅವರ ಪಕ್ಕ ಮತ್ತೆಂದೂ ಕೂರಲಿಲ್ಲ. ಭಾನುವಾರ ದಿಂಬನ್ನು ಮುಂದಿನ ಸೀಟಿನಲ್ಲಿ ಇಟ್ಟಿರುತ್ತೇನೆ. ಹಿಂದೆ ನಾನು ಕೂರುತ್ತೇನೆ.