ಹದಿನೇಳನೇ ಕಾರ್ಡು

ಬುಧವಾರ, ಮಧ್ಯಾಹ್ನ
ಕಾಲೇಜು ಲೈಬ್ರರಿ

ನನ್ನ ಅಮ್ಮನಿಗೆ,

'ನಾನು ಚೆನ್ನಾಗಿದ್ದೇನೆ' ಅಂತಲೇ ಶುರು ಮಾಡಲು ಕೈ ಹೋಗುತ್ತಿದೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬರೆದ ಅಭ್ಯಾಸ. ವಾರ್ಡನ್ ಓದಿ ಅಂಟಿಸುತ್ತಿದ್ದ ಕಾಗದಗಳಲ್ಲಿ ನಾವೆಲ್ಲ ಯಾವಾಗಲೂ ಚೆನ್ನಾಗಿಯೇ ಇರುತ್ತಿದ್ದೆವು. ಈಗ ಹಾಗೆ ಓದಿ ಅಂಟಿಸುವವರು ಯಾರೂ ಇಲ್ಲ. ಅಮ್ಮಾ, ನಾನು ಚೆನ್ನಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು 'ಏನಾಯ್ತು, ಏನಾಯ್ತು' ಅಂತ ಮಧ್ಯೆ ಬಾಯಿ ಹಾಕುತ್ತೀಯ, ನಿನ್ನ ಬಸ್ಸಿನ ಪ್ಯಾಸೆಂಜರ್ ಯಾರೋ ಟಿಕೆಟ್ ಕೇಳುತ್ತಾರೆ, ನಾನು 'ಏನಿಲ್ಲ ಬಿಡು' ಅಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಡ್ಯೂಟಿ ಮುಗಿದ ಮೇಲೆ ಕೂತು ಓದು, ಪ್ಲೀಸ್.

ನಾನು ವಾಲಂಟಿಯರ್ ಆಗಿ ಹೋಗುವ ಕ್ರೀಡಾ ಸಂಸ್ಥೆಯ ವಿಷಯ ಹೇಳಿದ್ದೆನಲ್ಲ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಓಟ, ಈಜು ಕಲಿಸುವುದು? ಅಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ಒಂದು ಕಾರ್ಡು ಇರುತ್ತದೆ. ಯಾವ ಮಾತ್ರೆ, ಏನು ಕಂಡರೆ ಹೆದರಿಕೆ, 'ಸಾಕು' ಅನ್ನುವುದನ್ನು ಹೇಗೆ ತಿಳಿಸುತ್ತಾರೆ, ಎಲ್ಲ ಅದರಲ್ಲಿ. ಮನೆಯವರು ಫಾರ್ಮ್ ತುಂಬಿ ಕೊಡುತ್ತಾರೆ, ಅದನ್ನು ಅಂಗೈಯಗಲದ ಕಾರ್ಡಿಗೆ ಇಳಿಸುವ ಕೆಲಸ ನನ್ನದು. ಮೂವತ್ತೆರಡು ಬರೆದೆ. ಕಾರ್ಯದರ್ಶಿ ಮೇಡಂ ಎಲ್ಲರೆದುರು ಎತ್ತಿ ತೋರಿಸಿ, 'ಅಕ್ಷರ ಅಂದ್ರೆ ನೋಡಿ, ಮುತ್ತು ಪೋಣಿಸಿದ ಹಾಗೆ' ಅಂದರು. ನಾನು ಉಬ್ಬಿಹೋಗಿದ್ದೆ.

ಹದಿನೇಳನೇ ಕಾರ್ಡು ರಾಕೆಟ್‌ದು. ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಇಪ್ಪತ್ತೊಂಬತ್ತು ವರ್ಷ, ಟೈಲರ್ ಆಗಿರುವ ಅಕ್ಕನ ಜೊತೆ ಇರುತ್ತಾಳೆ. ನನ್ನನ್ನು 'ಪೆನ್ ಮರಿ' ಅನ್ನುತ್ತಾಳೆ. ಅವಳ ಫಾರ್ಮಿನ ಕೊನೆಗೆ ಅಕ್ಕ ಬರೆದಿದ್ದರು: ಸಾಕಾದರೆ ಬಾಯಿಬಿಟ್ಟು ಹೇಳುವುದಿಲ್ಲ, ಎರಡೂ ಕೈ ಕಿವಿ ಮೇಲೆ ಇಟ್ಟುಕೊಳ್ಳುತ್ತಾಳೆ, ಆಗ ನೀವೇ ನಿಲ್ಲಿಸಬೇಕು. ಆ ಸಾಲು ನನ್ನ ಕಣ್ತಪ್ಪಿತು. ಕಾರ್ಡಿನಲ್ಲಿ ಬರಲಿಲ್ಲ.

ಭಾನುವಾರ ಎಂಟುನೂರು ಮೀಟರ್ ಓಟ. ಬಿಸಿಲು ತಲೆ ಸೀಳುತ್ತಿತ್ತು. ಎರಡನೇ ಸುತ್ತಿನಲ್ಲಿ ರಾಕೆಟ್ ಕಿವಿ ಮುಚ್ಚಿಕೊಂಡೇ ಓಡುತ್ತಿದ್ದಳು. ಚಪ್ಪಾಳೆಯ ಸದ್ದು ತಡೆಯಲಾಗುತ್ತಿಲ್ಲ ಅಂದುಕೊಂಡು ಕೋಚ್ ಸರ್ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದರು. ಇಡೀ ಮೈದಾನ ಗಪ್‌ಚುಪ್. ಅವಳು ಕೈ ಇಳಿಸಲಿಲ್ಲ, ನಿಲ್ಲಲೂ ಇಲ್ಲ. ಗೆರೆಗೆ ನಾಲ್ಕು ಹೆಜ್ಜೆ ಇರುವಾಗ ಬಿದ್ದಳು. ಅಷ್ಟು ನಿಶ್ಶಬ್ದದಲ್ಲಿ ಆ ಸದ್ದು ಎಲ್ಲರಿಗೂ ಕೇಳಿಸಿತು.

ಎರಡು ದಿನ ಐಸಿಯುನಲ್ಲಿದ್ದಳು. ನಿನ್ನೆ ವಾರ್ಡಿಗೆ ತಂದಿದ್ದಾರೆ. ಕಣ್ಣು ಬಿಡುತ್ತಾಳೆ, ಇನ್ನೂ ಮಾತಿಲ್ಲ. ಸೋಮವಾರ ಬೆಳಿಗ್ಗೆಯೇ ಟೈಲರ್ ಅಕ್ಕ ಆಫೀಸಿಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ, ಒಂದೇ ಮಾತು ಕೇಳಿದರು: 'ನನ್ನ ತಂಗಿ ಸಾಕು ಅಂತ ಹೇಳಿದ್ಲು. ನೀವ್ಯಾಕೆ ಕೇಳಿಸ್ಕೊಳ್ಳಲಿಲ್ಲ?' ಅದಕ್ಕೆ ಉತ್ತರ ಕೊಡಲು ನಾಳೆ ಹನ್ನೊಂದಕ್ಕೆ ಮೀಟಿಂಗ್.

ಅವರು ಹೋದ ಮೇಲೆ ಮೇಡಂ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಖಾಲಿ ಕಾರ್ಡು ಮುಂದಿಟ್ಟರು. 'ಫಾರ್ಮಲ್ಲಿ ಇರೋದೇ ತಾನೇ, ಪುಟ್ಟಿ? ಸರಿಯಾಗಿ ಇನ್ನೊಂದು ಬರೆದುಬಿಡು. ಸುಳ್ಳೇನೂ ಅಲ್ವಲ್ಲ.' ಅವರು ನಮ್ಮ ಹಾಸ್ಟೆಲ್ ಕಮಿಟಿಯಲ್ಲೂ ಇದ್ದಾರೆ. 'ಮುಂದಿನ ವರ್ಷಕ್ಕೂ ಸೀಟು ಬೇಕಲ್ಲ ನಿಂಗೆ?' ಅಂತ ನಗುನಗುತ್ತಲೇ ಕೇಳಿದರು. ಬರೆದುಕೊಟ್ಟೆ ಅಮ್ಮಾ. ಅಕ್ಷರ ಎಂದಿನ ಹಾಗೆ ನೆಟ್ಟಗೆ ಬಂತು, ಅದನ್ನು ನೋಡಿಯೇ ಭಯವಾಯಿತು. ಹಳೆಯ ಕಾರ್ಡು ಎಲ್ಲಿ ಅಂದರು. ಆಂಬುಲೆನ್ಸಿನ ಗಲಾಟೆಯಲ್ಲಿ ಕಳೆದುಹೋಯಿತು ಅಂದೆ. ನಿಜವಾಗಿ, ಅವಳನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಕೆಳಗೆ ಬಿದ್ದದ್ದನ್ನು ನಾನೇ ಎತ್ತಿಟ್ಟುಕೊಂಡಿದ್ದೆ, ಅದು ನನ್ನ ಕೆಮಿಸ್ಟ್ರಿ ರೆಕಾರ್ಡಿನೊಳಗಿದೆ.

ಒಂದು ಕಾರ್ಡು ಬದಲಾದರೆ ಯಾರಿಗೇನು ಅಂದುಕೊಂಡಿದ್ದೆ. ನಿನ್ನೆ ನೋಡಿದರೆ ಕೋಚ್ ಸರ್ ಮೈದಾನದ ಮೆಟ್ಟಿಲ ಮೇಲೆ ಆ ಹೊಸ ಕಾರ್ಡು ಹಿಡಿದು ಕೂತಿದ್ದರು. ನನ್ನನ್ನು ಕಂಡಾಗಲೆಲ್ಲ 'ಏನಮ್ಮ ಫಸ್ಟ್ ಇಯರ್, ಊಟಕ್ಕೆ ಮಾತ್ರ ಫಸ್ಟ್!' ಅಂತ ಕಾಲೆಳೆಯುವವರು, ನಿನ್ನೆ ಮುಖವನ್ನೇ ಎತ್ತಲಿಲ್ಲ. 'ಇಷ್ಟು ಸ್ಪಷ್ಟವಾಗಿ ಬರೆದಿದ್ದೀಯಲ್ಲಮ್ಮ, ನನ್ನ ಕಣ್ಣಿಗೆ ಏನಾಗಿತ್ತು? ಆವತ್ತು ಬೆಳಿಗ್ಗೆ ನಾನೇ ಓದಿ ಅವಳ ಕೊರಳಿಗೆ ಹಾಕಿದ್ದು' ಅಂದರು. ಓದಿದ್ದು ನೆನಪಿದೆ, ಈ ಸಾಲು ಮಾತ್ರ ನೆನಪಿಗೆ ಬರುತ್ತಿಲ್ಲ, ತನಗೇ ಏನೋ ಆಗಿದೆ, ಇನ್ನು ಇಂಥ ಮಕ್ಕಳ ಹತ್ತಿರ ಇರಬಾರದು ಅಂತ. ಇಪ್ಪತ್ತೆರಡು ವರ್ಷದಿಂದ ಅಲ್ಲಿರುವವರು ನಾಳೆ ತಪ್ಪು ತನ್ನದೇ ಅಂತ ಸೈನ್ ಹಾಕಿ ಕೆಲಸ ಬಿಟ್ಟು ಹೋಗುತ್ತಾರಂತೆ. 'ನೀರು ಬೇಕಾ ಸರ್?' ಅಂದೆ. ಆಮೇಲೆ ಓಡಿಬಂದೆ.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಮೀಟಿಂಗ್ ಮುಗಿದಿರುತ್ತದೆ. ಏನು ಮಾಡಲಿ ಅಂತ ನಿನ್ನನ್ನು ಕೇಳಲೂ ಟೈಮಿಲ್ಲ. ಹಳೆಯ ಕಾರ್ಡನ್ನು ಒಳಗೆ ತೆಗೆದುಕೊಂಡು ಹೋಗುತ್ತೇನೆ. ಸೀಟು ಹೋದರೆ ಟ್ರಂಕು ಹೊತ್ತುಕೊಂಡು ನಿನ್ನ ಬಸ್ಸನ್ನೇ ಹತ್ತುತ್ತೇನೆ, ಎಲ್ಲರೆದುರು ಬೈಯಬೇಡ. ಕಣ್ತಪ್ಪಿನಿಂದ ಆಯಿತು ಅಂದರೆ ಟೈಲರ್ ಅಕ್ಕ ಮನ್ನಿಸಬಹುದು, ಅಲ್ಲವಾ?

ನಿನ್ನ ಪುಕ್ಕಲಿ ಮಗಳು

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಕಣ್ತಪ್ಪಿತು ಅಂತ ಎರಡು ಸಲ ಬರೆದೆನಲ್ಲ, ಅದು ಸುಳ್ಳು. ಆ ಸಾಲನ್ನು ಓದಿದ್ದೆ. ಅಷ್ಟರಲ್ಲಿ ಕಾರ್ಡಿನಲ್ಲಿ ಜಾಗ ಮುಗಿದಿತ್ತು. ಅಂಚಿನಲ್ಲಿ ತುರುಕಿದರೆ ಅಂದ ಕೆಡುತ್ತಿತ್ತು, ಇಲ್ಲದಿದ್ದರೆ ಪೂರ್ತಿ ಮತ್ತೆ ಬರೆಯಬೇಕಿತ್ತು. ಒಂದು ಸಾಲು ತಾನೇ, ಇರಲಿ ಬಿಡು ಅಂದುಕೊಂಡೆ. ನಾಳೆ ಟೈಲರ್ ಅಕ್ಕನ ಎದುರು ಹೇಳಬೇಕಾದದ್ದು ಇದನ್ನು. ಮೊದಲು ನಿನಗೆ ಬರೆದು ನೋಡಿದೆ, ನನ್ನಿಂದ ಆಗುತ್ತದೋ ಇಲ್ಲವೋ ಅಂತ.